ತೂಕಕ್ಕೆ ಮುಂಚೆ ಇಳಿದ ಜೀಪು

ಮಾವನ ಬಲಗೈ ಗೆಣ್ಣುಗಳ ಮೇಲಿನ ಗಾಯ ಪೂರ್ತಿ ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ಒಂದು ಹಕ್ಕಳೆ ಉದುರುವ ಹೊತ್ತಿಗೆ ಇನ್ನಾರಿಗೋ ಗುದ್ದಿರುತ್ತಿದ್ದ. ಅಮ್ಮನ ತಮ್ಮ ಅವನು. ತಮಿಳುನಾಡಿನ ನಮ್ಮೂರು ತೇವಾರಂನಿಂದ ನಮ್ಮಂಥ ಕೂಲಿ ಹೆಂಗಸರನ್ನು ಜೀಪಿನಲ್ಲಿ ತುರುಕಿಕೊಂಡು ಘಾಟಿ ಹತ್ತಿ, ಕೇರಳದ ಏಲಕ್ಕಿ ತೋಟಕ್ಕೆ ಬಿಟ್ಟು, ಅಲ್ಲೇ ಕಾದು, ಸಂಜೆ ಇಳಿಸಿಕೊಂಡು ಬರುವುದು ಅವನ ಕೆಲಸ. ಊರಲ್ಲಿ ಅವನನ್ನು ಒಳ್ಳೆಯವನು ಅಂದವರಿಲ್ಲ. ನಾನೂ ಅನ್ನುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆದವನಿಗೆ, ಬೀಡಿ ಕೊಡದವನಿಗೆ, ಒಮ್ಮೆ ತನ್ನ ಜೀಪಿನ ಬಾನೆಟ್ಟಿಗೇ ಗುದ್ದಿದ್ದ.

ಉತ್ತರದವರು ಬಂದು ತೋಟದ ಲೈನ್ ಮನೆಗಳಲ್ಲಿ ಸೇರಿಕೊಂಡ ಮೇಲಂತೂ ಅವನ ಕೈಗೆ ಬಿಡುವೇ ಇರಲಿಲ್ಲ. "ನಮ್ ಹೆಣ್ಮಕ್ಳ ಕೂಲಿ ತಿನ್ನಾಕ್ ಬಂದವ್ರೆ" ಎಂದು ಬೈಯುತ್ತ ಜಾರ್ಖಂಡಿನವನೊಬ್ಬನ ತುಟಿ ಸೀಳಿದ್ದ. ಆ ಜಾರ್ಖಂಡಿನವನ ಹೆಂಡತಿ ತುಂಬು ಬಸುರಿ. ಏಲಕ್ಕಿ ಕೊಯ್ಲು ಮುಗಿದರೆ ಕಣಿವೆಗಿಳಿದು ದ್ರಾಕ್ಷಿ ತೋಟ, ಅದು ಮುಗಿದರೆ ಮತ್ತೆ ಮೇಲೆ. ಹೀಗೆ ಅಲೆಯುವವಳ ಹೊಟ್ಟೆಯನ್ನು ಯಾವ ನರ್ಸೂ ಮುಟ್ಟಿ ನೋಡಿರಲಿಲ್ಲ. ಮೇಲಿನ ಆಸ್ಪತ್ರೆಯವರು ಕೆಳಗೆ ತೋರಿಸು ಅನ್ನುವರು, ಕೆಳಗಿನವರು ಮೇಲೆ ತೋರಿಸು ಅನ್ನುವರು.

ಒಂದು ನಡುಹಗಲು ಅವಳು ಗಿಡದ ಬುಡದಲ್ಲೇ ಕುಸಿದಳು. ಸೀರೆ ನೆನೆದು ತರಗೆಲೆಯ ಮೇಲೆ ರಕ್ತ ಹರಿಯಿತು. ಕಿತ್ತ ಕಾಯಿ ತೂಗಿ ಮುಗಿಯದೆ ಯಾವ ಜೀಪೂ ಇಳಿಯಬಾರದೆಂಬುದು ತೋಟದ ಒಡೆಯ ಮೊದಲಾಳಿಯ ಕಟ್ಟಳೆ. ಜ್ವರ ಬಂದರೂ ಹಾವು ಕಚ್ಚಿದರೂ ಸಂಜೆಯವರೆಗೆ ಕಾಯಬೇಕು. ನಾವು ಅವಳನ್ನು ಮಾವನ ಜೀಪಿಗೆ ಹತ್ತಿಸಿ ಹೊರಟಾಗ, ಕೂಲಿಗಳನ್ನು ಆಳುವ ಕಂಗಾಣಿ ಗೇಟಿಗೆ ಸರಪಳಿ ಹಾಕಿ ಅಡ್ಡ ನಿಂತ.

ಮಾವ ಜೀಪಿನಿಂದ ಇಳಿದ. "ತೆಗಿತೀಯಾ, ನಿನ್ ಮ್ಯಾಲೇ ವಂಡಿ ಏರ್ಸ್ಲಾ?"

"ತೂಕ ಆಗ್ಲಿ ಅಣ್ಣಾ, ಮೊದಲಾಳಿ ಬೈತಾರೆ..."

ಅವನ ಬಾಯಿಂದ ಮುಂದಿನ ಮಾತು ಬರಲಿಲ್ಲ, ಹಲ್ಲು ಬಂತು. ಮಾವ ಜೀಪನ್ನು ಹಿಂದಕ್ಕೆ ತೆಗೆದು ಗೇಟಿಗೆ ನುಗ್ಗಿಸಿದ. ಇನ್ನೊಮ್ಮೆ ನುಗ್ಗಿಸಿದಾಗ ಕಂಬವೇ ಕಿತ್ತು ಬಂತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಒಡೆದ ತುಟಿಯ ಗಂಡ ಮಾವನ ಪಕ್ಕದಲ್ಲೇ ಕೂತಿದ್ದ.

ಘಾಟಿ ಇಳಿದ ಮೇಲೆ ಸಿಕ್ಕ ಆಸ್ಪತ್ರೆಯಲ್ಲಿ ಬಾಗಿಲ ಬಳಿಯಿದ್ದವನು ಬಸುರಿಯ ತಪಾಸಣೆ ಕಾರ್ಡು ಕೇಳಿದ. ಬೇರೆ ರಾಜ್ಯದವಳು, ಇಲ್ಲಿ ಒಮ್ಮೆಯೂ ತೋರಿಸಿಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಅಂದ.

"ಡೇಯ್, ಮ್ಯಾಲಿನೋರು ಕೆಳಕ್ ಹೋಗು, ಕೆಳಗಿನೋರು ಮ್ಯಾಕ್ ಹೋಗು. ನಡುವೆ ನನ್ ವಂಡಿನಾಗೇ ಸಾಯ್ಬೇಕಾ ಇವ್ಳು?" ಮಾವ ಒಂದು ಕೈಯಲ್ಲಿ ಅವನ ಕೊರಳಪಟ್ಟಿ ಹಿಡಿದು, ಇನ್ನೊಂದರಿಂದ ಬಾಗಿಲ ಗಾಜಿಗೆ ಗುದ್ದಿದ. ಗಾಜು ಸುರಿದ ಸದ್ದಿಗೆ ಒಳಗಿನಿಂದ ಡಾಕ್ಟರಮ್ಮ ಓಡಿಬಂದರು. ಮಾವನ ಕೈ ಹಿಡಿದು ನೋಡಹೊರಟವರಿಗೆ ಅವನು ಜೀಪಿನ ಕಡೆ ತೋರಿಸಿ, "ನಂದಿರ್ಲಿ ತಾಯಿ, ಅವಳ್ನ ನೋಡು" ಅಂದ.

ಅವಳು ಉಳಿದಳು. ಮಗು ಉಳಿಯಲಿಲ್ಲ. ಪೊಲೀಸರು ಮಾವನನ್ನು ಠಾಣೆಗೊಯ್ದು ಅಂಗಾಲಿಗೆ ಬಡಿದರು. ಆಮೇಲೆ ಬಹಳ ದಿನ ಕ್ಲಚ್ ಒತ್ತುವಾಗೆಲ್ಲ ಹಲ್ಲು ಕಚ್ಚುತ್ತಿದ್ದ. "ಹೊಡೀಬಾರ್ದಿತ್ತು ಮಾಮಾ" ಎಂದು ನಾನೆಂದರೆ, "ಕೈ ಮುಗ್ದು ಕೇಳ್ದೋರ್ಗೆ ಯಾರ್ ಬಾಗ್ಲು ತೆಗ್ದವ್ರೆ, ಹೇಳು ನೋಡಾನ" ಅಂದಿದ್ದ.

ಹೋದ ವರ್ಷ ತೋಟದಲ್ಲೇ ಅವನಿಗೆ ಎದೆನೋವು ಬಂತು. ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ. ಜೀಪು ಓಡಿಸಲು ನಮಗಾರಿಗೂ ಬಾರದು. ಉಳಿದ ಡ್ರೈವರುಗಳು ತೂಕದ ಕಡೆ ನೋಡುತ್ತ ನಿಂತರು. ತೂಕಕ್ಕೆ ಮುಂಚೆ ಇಳಿಯುವ ಎದೆಗಾರಿಕೆ ಇದ್ದವನು ಒಬ್ಬನೇ, ಅವನು ನೆಲದ ಮೇಲಿದ್ದ. ನಾನು ಅವರಿಗೆಲ್ಲ ಕೈ ಮುಗಿದು ಬೇಡಿದೆ. ಯಾರೂ ಕದಲಲಿಲ್ಲ.

ಆಗ ಆ ಜಾರ್ಖಂಡಿನವಳು ಬುಟ್ಟಿ ಎಸೆದು ಬಂದಳು. ಕಲ್ಲೆತ್ತಿ ಹತ್ತಿರದ ಜೀಪಿನ ಗಾಜು ಪುಡಿ ಮಾಡಿದಳು. ಅದರ ಡ್ರೈವರನ ಕೊರಳಪಟ್ಟಿ ಹಿಡಿದು ಸೀಟಿಗೆ ನೂಕಿ, ನಮ್ಮ ಮಾತಿನಲ್ಲೇ ಕಿರುಚಿದಳು: "ತೆಗಿ ವಂಡಿ!"

ಜೀಪು ಇಳಿಯಿತು. ಮಾವ ಘಾಟಿಯ ನಡುವೆಯೇ ಹೋಗಿಬಿಟ್ಟ. ತಲೆ ಅವಳ ತೊಡೆಯ ಮೇಲಿತ್ತು. ಗಾಜು ಸೀಳಿದ ಅವಳ ಗೆಣ್ಣುಗಳಿಂದ ರಕ್ತ ಅವನ ಅಂಗಿಗೆ ತೊಟ್ಟಿಕ್ಕುತ್ತಿತ್ತು.