ಅನಘಾ ನನ್ನನ್ನು ಎತ್ತಿದ್ದು

ಈ ವರ್ಷ ನಮ್ಮ ಶಾಲೆಯ ಪ್ರಿನ್ಸಿಪಾಲರು ಕ್ಲಾಸುಗಳಿಂದ ಟೀಚರುಗಳ ಕುರ್ಚಿಗಳನ್ನೆಲ್ಲ ಎತ್ತಿಸಿಬಿಟ್ಟರು. ಕೂತು ಮಾಡಿದರೆ ಪಾಠ ಸಪ್ಪೆಯಾಗುತ್ತದಂತೆ. ಆ ದಿನ ಇನ್ನೊಬ್ಬ ಟೀಚರ್ ರಜೆ ಹಾಕಿದ್ದರಿಂದ ಅವರ ಪೀರಿಯಡ್ಡುಗಳೂ ನನ್ನ ತಲೆಗೇ ಬಂದಿದ್ದವು. ಕೊನೆಯ ಪೀರಿಯಡ್ಡಿನಲ್ಲಿ ನಾಲ್ಕನೇ ಕ್ಲಾಸಿಗೆ ಸನ್ನೆಕೋಲಿನ ಪಾಠ ಮಾಡಲು ಹೋಗುವ ಹೊತ್ತಿಗೆ ಕಾಲು ಬಿದ್ದುಹೋಗುವಂತಾಗಿತ್ತು.

"ಇವತ್ತು ಅನಘಾ ನನ್ನನ್ನು ಎತ್ತುತ್ತಾಳೆ, ನೋಡ್ತೀರಾ?" ಎಂದೆ. ಈ ಹಿಂದಿ ಊರಿನ ಕಿದ್ವಾಯಿ ನಗರದಲ್ಲಿರುವ ಕನ್ನಡದ ಹುಡುಗಿ ಅವಳು, ಕ್ಲಾಸಿಗೆಲ್ಲ ಸಣ್ಣವಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ, ಹೆದರಿದಳು.

ಮೈದಾನದ ಸೀ-ಸಾ ಹತ್ತಿರ ಹೋದರೆ ಗಾರ್ಡ್ ಅಡ್ಡ ಬಂದ. "ಮೇಡಂಜೀ, ಬೋರ್ಡ್ ನೋಡಿ. ಇದು ಮಕ್ಕಳಿಗೆ ಮಾತ್ರ."

"ನನ್ನನ್ನು ಎತ್ತೋದು ಮಗೂನೇ, ಭಯ್ಯಾ."

"ಅಚ್ಛಾ. ಮುರಿದರೆ ಮಾತ್ರ ನನ್ನ ಹೆಸರು ಹೇಳಬೇಡಿ," ಎಂದು ಆ ಕಡೆ ತಿರುಗಿ ನಿಂತ.

ನಾನು ಒಂದು ತುದಿಯಲ್ಲಿ ಕೂತೆ. ಇನ್ನೊಂದು ತುದಿಯಲ್ಲಿ ಅನಘಾ ಕಾಲು ಬಡಿಯುತ್ತಾ ಮೇಲೆಯೇ ಉಳಿದಳು. "ಈಗ ನಾನು ಮಧ್ಯಕ್ಕೆ ಸರೀತೀನಿ. ನನ್ನ ತೂಕ ಅಷ್ಟೇ ಇದೆ, ದೂರ ಮಾತ್ರ ಕಮ್ಮಿ ಆಗ್ತಿದೆ," ಎನ್ನುತ್ತಾ ಸ್ವಲ್ಪ ಸ್ವಲ್ಪವೇ ಜರುಗಿದೆ. ಹಲಗೆ ಕಿರುಗುಟ್ಟಿ ಅವಳ ಕಡೆ ವಾಲಿತು. ನನ್ನ ಕಾಲು ನೆಲ ಬಿಟ್ಟಿತು. ಮಕ್ಕಳ ಕೂಗಿಗೆ ಆಫೀಸಿನ ಕಿಟಕಿ ತೆರೆದು ಪ್ರಿನ್ಸಿಪಾಲರ ಮುಖ ಕಾಣಿಸಿತು.

"ಮ್ಯಾಮ್, ಅಬ್... ಈಗ ಇಳೀಲಾ?" ಎಂದಳು ಅನಘಾ.

ಬೆಳಿಗ್ಗೆಯಿಂದ ನಾನು ಕೂತದ್ದು ಅದೇ ಮೊದಲು.

"ಬೇಡಮ್ಮ, ಅಲ್ಲೇ ಗಟ್ಟಿಯಾಗಿ ಕೂತಿರು," ಎಂದೆ. "ಪಾಠ ಇನ್ನೂ ಮುಗಿದಿಲ್ಲ."