ಅದ್ಯಾವ ಸೀಮೆ ಫೌಲು!
ಮಗಳ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಪಂದ್ಯವಿದ್ದರೆ ದರ್ಜಿ ತನ್ನ ಅಂಗಡಿಗೆ ಬೀಗ ಜಡಿದು, ಕೊರಳಿನ ಅಳತೆಪಟ್ಟಿ ತೆಗೆಯುವುದನ್ನೂ ಮರೆತು ಓಡಿಬರುತ್ತಾನೆ. ರೆಫ್ರಿ ಸೀಟಿ ಊದಿದರೆ "ಅದ್ಯಾವ ಸೀಮೆ ಫೌಲು ಸ್ವಾಮಿ!" ಎನ್ನುತ್ತಾನೆ, ಊದದಿದ್ದರೆ "ಸೀಟಿ ನುಂಗಿಬಿಟ್ರಾ?" ಎಂದು ಎಗರಾಡುತ್ತಾನೆ. ವಿರಾಮದಲ್ಲಿ ಪಕ್ಕದವರ ಟೀ ಆರಿಹೋಗುವವರೆಗೂ ನಿಯಮ ಬಿಡಿಸಿ ಹೇಳುತ್ತಾನೆ. ಮೊನ್ನೆ ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ಅಂಕ ಸಮವಿದ್ದಾಗ ಚೆಂಡು ಹಿಡಿದು ನುಗ್ಗಿದ ಮಗಳು ಬಿದ್ದಳು. ರೆಫ್ರಿ ಎದುರಾಳಿ ಹುಡುಗಿಯ ಮೇಲೆ ಫೌಲ್ ಕೊಟ್ಟ. ಮಗಳ ಕಡೆಯವರೆಲ್ಲ ಕುಣಿಯುವಾಗ ಇವನೊಬ್ಬ ಎದ್ದು, "ತಪ್ಪು ರೀ! ಆ ಹುಡುಗಿ ಮುಟ್ಟೇ ಇಲ್ಲ, ನಮ್ಮವಳೇ ಜಾರಿ ಬಿದ್ಲು!" ಎಂದು ಅರಚಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಫೌಲಿಗೆ ಸಿಕ್ಕ ಎಸೆತದಲ್ಲಿ ಮಗಳ ತಂಡ ಗೆದ್ದಿತು. ದಾರಿಯಲ್ಲಿ ಮಗಳು, "ನೀನು ಯಾರ ಕಡೆ ಅಪ್ಪಾ?" ಎಂದು ಅತ್ತಳು. "ನಿನ್ನ ಕಡೇನೇ ಕಣೇ," ಎಂದ ದರ್ಜಿ. "ಆದ್ರೆ ಆ ಹುಡುಗಿ ಅಪ್ಪ ನನ್ನ ಪಕ್ಕಾನೇ ಕೂತಿದ್ದ. ಪಾಪ, ಅವನಿಗೆ ಕೂಗೋಕೆ ಬರಲ್ಲ."