ದೊಡ್ಡಮ್ಮ ನೀರಿಗಿಳಿದರೆ ಬಾಯಿ ಮುಚ್ಚಬಾರದು

ವೈಕಿಕಿಯ ಕಡಲಿನಲ್ಲಿ ಬರೀ ‘ದೊಡ್ಡಮ್ಮ’ ಎಂದರೆ ಹೌನಾನಿ ಒಬ್ಬಳೇ. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಾಡಿ ಬೆನ್ನು ಬಾಗಿತ್ತು. ಅಲೆಯೇರುವ ಹಲಗೆಯ ಮೇಲೆ ಎದ್ದು ನಿಂತಾಗ ಮಾತ್ರ ಅದೇ ಬೆನ್ನು ಗಳದಂತೆ ನೆಟ್ಟಗಾಗುತ್ತಿತ್ತು. ಬೆಳಗಿನ ಮೊದಲ ಒಳ್ಳೆಯ ಅಲೆಯನ್ನು ಅವಳಿಗೇ ಬಿಡಬೇಕು. ಹಾಗೆಂದು ಯಾರೂ ಬೋರ್ಡು ಹಾಕಿಲ್ಲ, ಬಿಡದವರೂ ಇಲ್ಲ.

ಹೋದ ಬೇಸಿಗೆಯಲ್ಲಿ ಅವಳು ಅಲೆಯೇರಿ ಬರುತ್ತಾ, ಅಡ್ಡ ಬಿದ್ದಿದ್ದ ಪ್ರವಾಸಿಯೊಬ್ಬನಿಗೆ ನೇರ ಡಿಕ್ಕಿ ಹೊಡೆದಳು. ಅವನ ಭುಜದ ಚರ್ಮ ಕಿತ್ತು ರಕ್ತ ಬಂತು. ಕಲಿಯಲು ಬಂದವನು ಬದಿಯಲ್ಲಿರಬೇಕೆಂದು ನಾನು ಅವನ ಮೇಲೆಯೇ ಹರಿಹಾಯ್ದೆ. ದೊಡ್ಡಮ್ಮ ನನ್ನ ತೋಳು ಹಿಡಿದಳು.

“ಅವನನ್ಯಾಕೆ ಬೈತೀಯೋ ಕವಿಕ? ನಂಗೆ ಅವನು ಕಾಣ್ಲೇ ಇಲ್ಲ.”

ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಯಾವಾಗಲೋ ಹೇಳಿದ್ದರಂತೆ. ಅವಳು ಮಗಳಿಗೂ ಬಾಯಿ ಬಿಟ್ಟಿರಲಿಲ್ಲ. ಮಗಳು ಮಾಪುವಾನ ಮಾರನೆಯ ದಿನವೇ ಬಂದು ಹಲಗೆಯನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋದಳು. ನಾಳೆ ಯಾರದಾದರೂ ಮಗುವಿನ ತಲೆಗೆ ಬಡಿದರೆ ಏನು ಗತಿ ಎಂದು ಕೇಳಿದಳು.

ಆಮೇಲೆ ದೊಡ್ಡಮ್ಮ ದಿನಾ ದಡದ ಕಟ್ಟೆಯ ಮೇಲೆ ಕಡಲಿಗೆ ಬೆನ್ನು ಹಾಕಿ ಕೂರತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

“ಅಲೆ ಕಾಣ್ದಿದ್ರೆ ಏನೂ ಇಲ್ಲ ಕಣೋ. ಬಂದಾಗ ಹಲಗೆಯ ಹಿಂದಿನ ಬಾಲ ಮೇಲೇಳತ್ತೆ, ಗೊತ್ತಾಗತ್ತೆ. ಮನುಷ್ಯರಿಗೆ ಬಾಲ ಇಲ್ವಲ್ಲ,” ಎಂದಳು. ಆಮೇಲೆ ನಕ್ಕಳು. “ನೀನೊಬ್ಬ ಎಲ್ಲಿದೀಯ ಅಂತ ಮಾತ್ರ ಯಾವಾಗ್ಲೂ ಗೊತ್ತಿರತ್ತೆ. ಯಾರನ್ನಾದ್ರೂ ಬೈತಾನೇ ಇರ್ತೀಯ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಲಿಯುವವರು ಇನ್ನೂ ಬಾರದ ಹೊತ್ತಿನಲ್ಲಿ ದೊಡ್ಡಮ್ಮ ಇಳಿಯಲಿ, ಅವಳು ನೀರಿನಲ್ಲಿರುವಷ್ಟು ಹೊತ್ತೂ ನಾವೆಲ್ಲ ಬಾಯಿ ಮುಚ್ಚದೆ ಮಾತಾಡುತ್ತಿರೋಣ ಎಂದು ಗೆಳೆಯರಿಗೆ ಹೇಳಿದೆ. ಮಾಪುವಾನ ಅರೆಮನಸ್ಸಿನಿಂದ ಒಪ್ಪಿದಳು. ಆದರೆ ತಾನೂ ಜೊತೆಗೆ ಬರುವೆ, ತನಗೆ ಸರಿಕಾಣದಿದ್ದರೆ ಅಂದೇ ಹಲಗೆ ಮಾರುವೆ ಎಂದಳು.

ಮಾರನೆಯ ಬೆಳಗ್ಗೆ ಎಲ್ಲರೂ ನೀರಿಗಿಳಿದೆವು. ಅಲೆಗೆ ಕಾಯುತ್ತಾ ಹಲಗೆಯ ಮೇಲೆ ಸುಮ್ಮನೆ ಕೂತು ಅಭ್ಯಾಸವಾದ ಗಂಡಸರಿಗೆ ಏನು ಮಾತಾಡುವುದೆಂದೇ ತೋಚಲಿಲ್ಲ. ಒಬ್ಬ ಮೀನಿನ ರೇಟು ಹೇಳಿದ. ಇನ್ನೊಬ್ಬ ಚರ್ಚಿನ ಪ್ರಾರ್ಥನೆ ಶುರುಮಾಡಿದ. ಲೋಪಕ ತನ್ನ ಅತ್ತೆಯ ಗೊರಕೆಯ ಕಥೆ ತೆಗೆದ. ನಾನು ಎಲ್ಲರನ್ನೂ ಬೈಯುತ್ತಿದ್ದೆ.

ದೊಡ್ಡ ಅಲೆಯೊಂದು ಎದ್ದಿತು. ಅಂಥದ್ದು ವಾರಗಟ್ಟಲೆ ಬಂದಿರಲಿಲ್ಲ. ದೊಡ್ಡಮ್ಮ ಕೈಬೀಸಿ ನೀರು ತಳ್ಳಿದಳು, ಹಲಗೆಯ ಬಾಲ ಮೇಲೆದ್ದಿತು, ಇನ್ನೇನು ಎದ್ದೇಬಿಟ್ಟಳು ಎನ್ನುವಾಗ ಹಲಗೆಯನ್ನು ಹಿಂದಕ್ಕೆ ಜಗ್ಗಿ ಕೂತಳು. ಅಲೆ ಅವಳಿಲ್ಲದೆ ದಡಕ್ಕೆ ಹೋಯಿತು.

“ಗೊರಕೆ ನಿಂತ್ಹೋಯ್ತಲ್ಲ. ಲೋಪಕ ಎಲ್ಲಿ?”

ಲೋಪಕ ಹಲಗೆಯಿಂದ ಜಾರಿ ನೀರೊಳಗಿದ್ದ. ಅವಳ ದಾರಿಯಲ್ಲೇ ತಲೆ ಎತ್ತಿ ಕೆಮ್ಮಿದ.

ಯಾರೂ ಮಾತಾಡಲಿಲ್ಲ, ನಾನೂ ಸಹ. ಮಾಪುವಾನ ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಏನ್ ಸುಮ್ನಾದ್ರಿ ಎಲ್ಲಾ? ಮಾತಾಡಿ. ಅಮ್ಮಂಗೆ ಇನ್ನೂ ಒಂದೂ ಅಲೆ ಸಿಕ್ಕಿಲ್ಲ.”